ಆ ಇಲಿಗಳಿಗೆ ಎಳ್ಳುಂಡೆ ಕೊಟ್ಟವಳು

ಶೈಲಾ, ಆ ಇಲಿಗಳಿಗೆ ಎಳ್ಳುಂಡೆ ತಿನ್ನಿಸಿದವಳು ನಾನು.

ನೀನು ಹಿಟ್ಟು ತಪ್ಪಾಗಿ ಬೆರೆಸಿರಲಿಲ್ಲ. ಡಬ್ಬಿ ಅದಲುಬದಲಾಗಿರಲಿಲ್ಲ. ನಾನು — ನೀನು ಇವತ್ತಿಗೂ ಅಕ್ಕಾರ ಎಂದು ಕರೆಯುವ ಈ ವಿಶಾಲಾಕ್ಷಿ — ಆರು ವಾರ ಕರ್ಚೀಫಿನಲ್ಲಿ ಎಳ್ಳುಂಡೆ ಕಟ್ಟಿಕೊಂಡು ಬಂದು, ನಿನ್ನ ಐದು ಇಲಿಗಳಿಗೆ ಕಡಲೆಕಾಳಿನಷ್ಟು ಮುರಿದು ಮುರಿದು ಕೊಟ್ಟೆ. ಯಾರೂ ನೋಡಲಿಲ್ಲ. ಕೇಳಿದಾಗ ಇಲ್ಲ ಎಂದೆ. ನಿನ್ನ ಪಿಎಚ್.ಡಿ. ಹೋಯಿತು, ಅದರ ಜೊತೆಗೆ ಇನ್ನೂ ಏನೇನೋ ಹೋಯಿತು. ಅಷ್ಟನ್ನೂ ಪಕ್ಕದಲ್ಲೇ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷ ದಾಟಿದೆ.

ಮೂರು ದಿನದಿಂದ ಈ ಕಾಗದ ಬರೆಯಲು ಕೂರುತ್ತಿದ್ದೇನೆ. ಎರಡು ಸಲ ಬರೆದು ಹರಿದು ಹಾಕಿದೆ. ಓದಿ ನೋಡಿದರೆ ಎರಡರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ — ಕರುಣಾಳು, ಪಾಪ, ಪರಿಸ್ಥಿತಿಯ ಕೈಗೊಂಬೆ. ಎಂಥ ಪರಿಸ್ಥಿತಿ, ಮಣ್ಣು. ಈ ಸಲ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಏಕೆಂದರೆ ಇದನ್ನು ನೀನೊಬ್ಬಳೇ ಕೇಳುವುದಿಲ್ಲ.

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಇಡೀ ಅಮೆರಿಕ ಹೆದರಿಕೊಂಡಿದ್ದ ಕಾಲ ಅದು. ಎಡಿಸನ್ನಿನ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲಿ ನೋಡಿದರೂ ನಮ್ಮವರೇ. ನನ್ನ ಗಂಡ ಬೆಳಿಗ್ಗೆ ಮೆಟುಚೆನ್ ಸ್ಟೇಷನ್ನಿನಿಂದ ನ್ಯೂಯಾರ್ಕಿಗೆ ಹೊರಟರೆ ಬರುವುದು ಸಂಜೆ. ಮನೆಯಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಕೆಲಸ ಮಾಡುವ ಪರವಾನಗಿ ಕೈಗೆ ಬಂದ ವಾರವೇ ಸಿಕ್ಕಿದ ಕೆಲಸ ಹಿಡಿದೆ. ಕಾಲೇಜೊಂದರ ಪ್ರಾಣಿಶಾಲೆಯಲ್ಲಿ ಇಲಿಗಳ ಪಂಜರ ತೊಳೆಯುವುದು, ನೀರಿಡುವುದು, ಕೊಟ್ಟ ಆಹಾರ ಹಾಕುವುದು. ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿದವಳು ಇಲಿಯ ಹಿಕ್ಕೆ ಬಳಿಯುತ್ತಾಳೆ ಎಂದು ಊರಿಗೆ ತಿಳಿಸಲಿಲ್ಲ. ಲ್ಯಾಬ್ ಎಂದಷ್ಟೇ ಹೇಳಿದ್ದೆ.

ನೀನು ನನ್ನನ್ನು ಮೊದಲು ಕಂಡದ್ದು ನಾನು ಇಲಿಯೊಂದನ್ನು ಬೈಯುತ್ತಿದ್ದಾಗ. "ಸುಮ್ನಿರೇ, ನಿನ್ನನ್ನೇನು ತಿಂದುಬಿಡ್ತೀನಾ" ಎನ್ನುತ್ತಿದ್ದೆ. ಹಿಂದಿನಿಂದ ದನಿ ಬಂತು: "ಅಕ್ಕಾರ, ನೀವು ಕನ್ನಡದವರೇನ್ರಿ?" ತಿರುಗಿದರೆ ಬಿಳಿ ಕೋಟಿನಲ್ಲಿ ಕಡ್ಡಿಯಂಥ ಹುಡುಗಿ, ಗದಗಿನವಳು, ಕಣ್ಣಲ್ಲಿ ನೀರು. ಎಂಟು ತಿಂಗಳಿಂದ ಆ ಕಟ್ಟಡದಲ್ಲಿ ಒಂದು ಕನ್ನಡ ಮಾತು ಕೇಳಿಲ್ಲ ಎಂದು ನೀನು ಹೇಳಿದೆ. ಆ ದಿನದಿಂದ ನಿನ್ನ ಮಧ್ಯಾಹ್ನದ ಊಟ ನನ್ನ ಡಬ್ಬಿಯಲ್ಲೇ ಬರುತ್ತಿತ್ತು.

ನಿನ್ನ ಕೆಲಸ ನನಗೆ ಮೊದಮೊದಲು ಅರ್ಥವಾಗಿರಲಿಲ್ಲ. ಇಪ್ಪತ್ತನಾಲ್ಕು ಹೆಣ್ಣಿಲಿಗಳು. ಹನ್ನೆರಡಕ್ಕೆ ಎಲ್ಲ ಸತ್ವವೂ ಇರುವ ಹಿಟ್ಟು, ಹನ್ನೆರಡಕ್ಕೆ ಕಬ್ಬಿಣದ ಅಂಶವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುವ ಹಿಟ್ಟು. ಎರಡೂ ನೋಡಲು ಮೈದಾದಂತೆ ಬೆಳ್ಳಗೆ, ಒಂದೇ ಥರ. ಅದನ್ನು ನೀನೇ ತೂಗಿ, ನೀನೇ ಬೆರೆಸಿ, ಡಬ್ಬಿಗಳಿಗೆ ನಿನ್ನ ಕೈಯಾರೆ ಚೀಟಿ ಅಂಟಿಸುತ್ತಿದ್ದೆ. ಲೋಹದ ಚಮಚ ಹತ್ತಿರ ತರಗೊಡುತ್ತಿರಲಿಲ್ಲ. ನೀರಿನ ಬಾಟಲಿಯ ಸ್ಟೀಲ್ ಕೊಳವೆ ತೆಗೆದು ಗಾಜಿನದು ಹಾಕಿಸಿದ್ದೆ. ನಿನ್ನ ಮಡಿ ನೋಡಿ ನಾನು ಗೇಲಿ ಮಾಡುತ್ತಿದ್ದೆ, ನಮ್ಮಜ್ಜಿಯನ್ನೂ ಮೀರಿಸಿದವಳು ನೀನು ಎಂದು.

ಒಂದು ಮಧ್ಯಾಹ್ನ ಊಟ ಮಾಡುತ್ತ ನಾನು ಕೇಳಿದೆ, ಕಬ್ಬಿಣ ಕೊಡದೆ ಇವನ್ನು ಯಾಕೆ ಒಣಗಿಸುತ್ತೀಯೆಂದು. ನೀನು ಅನ್ನ ಬಿಟ್ಟು ಹೇಳತೊಡಗಿದೆ.

"ಮೈ ಅನ್ನೋದು ಒಲಿ ಇದ್ದಂಗ ನೋಡ್ರಿ. ಕಟ್ಟಿಗಿ ಎಷ್ಟರ ಹಾಕ್ರಿ, ಗಾಳಿ ಆಡಲಿಲ್ಲಂದ್ರ ಉರಿ ಹತ್ತಂಗಿಲ್ಲ. ರಕ್ತದಾಗ ಕಬ್ಬಿಣ ಕಡಿಮಿ ಆತಂದ್ರ ಹಂಗ. ಥಂಡ್ಯಾಗ ಬಿಟ್ರ ಉಳಿದವು ಹೆಂಗರ ಮಾಡಿ ಮೈ ಬಿಸಿ ಉಳಿಸ್ಕೋತಾವ. ಇವಕ್ಕ ಅದು ಆಗಂಗಿಲ್ಲ. ಇಳಕೋತ ಹೋಗತೈತಿ."

"ಹೆಣ್ಣಿಲಿನೇ ಯಾಕೆ?"

"ಎಲ್ಲಾರೂ ಗಂಡಿಲಿ ತಗೊಂಡ ನೋಡತಾರ್ರಿ. ಹೆಣ್ಣಿಂದು ಯಾರಿಗೆ ಬೇಕಾಗೈತಿ? ನಮ್ಮವ್ವ ಬ್ಯಾಸಗ್ಯಾಗೂ ಕೌದಿ ಹೊಚ್ಕೊಂಡ ಕುಂದರತಾಳ. ಮನ್ಯಾಗ ನಾಟಕ ಮಾಡತಾಳ ಅಂತಾರ." ಆಮೇಲೆ ನೀನೇ ಹೇಳಿದೆ: "ನಾಟಕ ಅಲ್ಲ ಅಂತ ಬರದು ತೋರಸ್ಬೇಕು ಅಕ್ಕಾರ. ಅಷ್ಟ."

ನಮ್ಮ ಮನೆಯಲ್ಲೂ ಅದೇ ಆಗಿತ್ತು, ಶೈಲಾ. ನಮ್ಮಮ್ಮ ಆರು ಹೆತ್ತವಳು. ಹನ್ನೊಂದು ಗಂಟೆಯಾದರೆ ಹಿತ್ತಲಲ್ಲಿ ಬಿಸಿಲು ಎಲ್ಲಿ ಬಿದ್ದರೆ ಅಲ್ಲಿಗೆ ಮಣೆ ಎಳೆದುಕೊಂಡು ಕೂರುವಳು. ಅವಳ ಕೈ ಮುಟ್ಟಿದರೆ ಹೂಜಿಯ ನೀರು. ಅಜ್ಜಿ ಅವಳನ್ನು ಬಿಸಿಲು ಕಾಯೋ ಓತಿಕ್ಯಾತ ಎನ್ನುತ್ತಿದ್ದರು. ನಾವು ಮಕ್ಕಳೂ ಜೊತೆ ಸೇರಿ ನಗುತ್ತಿದ್ದೆವು, ನಾನು ಎಲ್ಲರಿಗಿಂತ ಜೋರಾಗಿ. ಅವಳು ಸೋಮಾರಿಯಲ್ಲ, ಅವಳ ಮೈಯೊಳಗೆ ಉರಿಯೇ ಹತ್ತುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಅವಳು ಹೋಗಿ ನಾಲ್ಕು ವರ್ಷದ ಮೇಲೆ, ನ್ಯೂಜೆರ್ಸಿಯ ಒಂದು ಇಲಿಮನೆಯಲ್ಲಿ, ನಿನ್ನ ಬಾಯಿಂದ.

ಆಮೇಲೆ ಆ ಹನ್ನೆರಡನ್ನು ನೋಡುವ ಕಣ್ಣೇ ಬದಲಾಯಿತು. ಕೆಳಗಿನ ಸಾಲಿನಲ್ಲಿದ್ದ ಐದಂತೂ ತೀರಾ ಬಡಕಲಾಗಿದ್ದವು. ಕಿವಿ, ಪಾದ ಎಲ್ಲ ಬಿಳಿಚಿಕೊಂಡು, ಒಂದೊಂದೂ ತನ್ನ ಪಂಜರದ ಮೂಲೆಯಲ್ಲಿ ಮುದುಡಿ ಕೂತಿರುತ್ತಿದ್ದವು. ನಾನು ಹೋಗಿ ನೀರಿಡುವಾಗ ತಲೆ ಎತ್ತಿ ಸುಮ್ಮನೆ ನೋಡುವವು.

ಗಣೇಶನ ಹಬ್ಬ ಬಂತು. ನಮ್ಮ ಮನೆಯಲ್ಲಿ ಗಣಪನಿಗೆ ಇಪ್ಪತ್ತೊಂದು ಕಡುಬು ಇಟ್ಟರೆ ಅವನ ಕಾಲ ಬಳಿಯ ಮಣ್ಣಿನ ಇಲಿಗೂ ಬೇರೆಯಾಗಿ ಒಂದು ಪುಟ್ಟ ಕಡುಬು ಇಡುತ್ತಾರೆ. ಅಮ್ಮ ಅದನ್ನು ಒಂದು ವರ್ಷವೂ ಮರೆತವಳಲ್ಲ. ನಾನು ಎಡಿಸನ್ನಿನ ಅಂಗಡಿಯಿಂದ ಗಣಪನನ್ನು ತಂದು ಕೂರಿಸಿದ್ದೆ, ಅದರಲ್ಲಿ ಇಲಿ ಇರಲಿಲ್ಲ. ಪೂಜೆ ಮುಗಿಸಿ ಮಧ್ಯಾಹ್ನದ ಡ್ಯೂಟಿಗೆ ಹೊರಟವಳು ಆ ಪುಟ್ಟ ಕಡುಬನ್ನು ಡಬ್ಬಿಗೆ ಹಾಕಿಕೊಂಡೆ. ಹಬ್ಬದ ದಿನ ಗಣಪನ ವಾಹನವನ್ನು ಉಪವಾಸವಿಟ್ಟು ನಾನು ಉಂಡುಬರುವುದೇ ಎಂದು — ನಗಬೇಡ. ಅಥವಾ ನಗು. ಹೂರಣದಲ್ಲಿ ಬೆಲ್ಲ, ಕೊಬ್ಬರಿ, ಎಳ್ಳು. ಊರಿಂದ ಹೊತ್ತು ತಂದಿದ್ದ ಕಬ್ಬಿಣದ ಬಾಣಲೆಯಲ್ಲಿ ಕೆದಕಿದ್ದು. ಐದು ಚೂರು ಮಾಡಿ ಕೆಳಗಿನ ಸಾಲಿಗೆ ಕೊಟ್ಟೆ. ಮುಂಗಾಲಲ್ಲಿ ಹಿಡಿದು ತಿಂದವು.

ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನಿಲ್ಲಿಸಲಿಲ್ಲ. ಮರುದಿನ ಅವು ನನ್ನ ಹೆಜ್ಜೆ ಸಪ್ಪಳಕ್ಕೇ ಬಾಗಿಲಿಗೆ ಬಂದು ನಿಂತವು. ಬಾಣಲೆ ಮತ್ತೆ ಒಲೆಗೇರಿಸಿ ಎಳ್ಳುಂಡೆ ಕಟ್ಟಿದೆ. ಕಬ್ಬಿಣದ ಬಾಣಲೆಯಲ್ಲಿ ಬೆಲ್ಲ ಕಾಯಿಸಿದರೆ ಅದರಲ್ಲಿ ಏನು ಸೇರುತ್ತದೆ ಎಂದು ಹೋಮ್ ಸೈನ್ಸ್ ಓದಿದವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಇಷ್ಟು ಚೂರಲ್ಲಿ ಏನಾಗುತ್ತದೆ ಎಂದುಕೊಂಡೆ. ಆಮೇಲೆ ಅವುಗಳ ಕಿವಿಗೆ ಕೆಂಪು ಬರುವುದು ಕಂಡಾಗ — ಶೈಲಾ, ಇದನ್ನು ಬರೆಯಲೇಬೇಕು — ನನಗೆ ಸಂತೋಷವಾಯಿತು. ಅಮ್ಮನಿಗೆ ಮಾಡದ್ದನ್ನು ಮಾಡುತ್ತಿದ್ದೇನೆ ಎನ್ನಿಸಿತು. ನಿನ್ನ ಕೆಲಸ ಹಾಳಾಗುತ್ತದೆ ಎಂಬುದು ಮನಸ್ಸಿನ ಒಂದು ಮೂಲೆಯಲ್ಲಿತ್ತು, ನಾನು ಆ ಮೂಲೆಗೆ ಹೋಗಲಿಲ್ಲ.

ದೀಪಾವಳಿಯ ಹಿಂದಿನ ವಾರ ನೀನು ಇಲಿಗಳನ್ನೆಲ್ಲ ಥಂಡಿ ಕೋಣೆಗೆ ಒಯ್ದೆ. ಫ್ರಿಜ್ಜಿನಷ್ಟು ತಣ್ಣಗಿನ ಕೋಣೆ. ನೀನು ಸ್ವೆಟರ್ ಮೇಲೆ ಕೋಟು ತೊಟ್ಟು, ಅರ್ಧ ಗಂಟೆಗೊಮ್ಮೆ ಸಣ್ಣ ಥರ್ಮಾಮೀಟರಿನಿಂದ ಒಂದೊಂದರ ಮೈಬಿಸಿ ನೋಡಿ ಬರೆದುಕೊಳ್ಳುತ್ತಿದ್ದೆ. ನಾನು ಪಂಜರ ಹಿಡಿದು ಕೊಡುತ್ತಿದ್ದೆ. ಕಬ್ಬಿಣವಿಲ್ಲದ ಹನ್ನೆರಡರಲ್ಲಿ ಏಳರ ಮೈಬಿಸಿ ನೀನು ಹೇಳಿದ ಹಾಗೆಯೇ ಇಳಿಯುತ್ತ ಹೋಯಿತು. ಆ ಐದು ಚೆನ್ನಾಗಿ ಉಂಡ ಇಲಿಗಳಂತೆ ಬಿಸಿಯಾಗೇ ಉಳಿದವು.

"ಅಕ್ಕಾರ, ಈ ಐದು ಇಳೀವಲ್ಲವು ನೋಡ್ರಿ" ಎಂದೆ. ಮತ್ತೆ ನೋಡಿದೆ, ಥರ್ಮಾಮೀಟರ್ ಬದಲಿಸಿ ನೋಡಿದೆ. ಅದೇ.

ನಾಲ್ಕು ದಿನದ ಮೇಲೆ ರಕ್ತದ ವರದಿ ಬಂತು. ಆ ಐದರ ರಕ್ತದಲ್ಲಿ ಕಬ್ಬಿಣ ಹೇಗೋ ಸೇರಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ನೀನು ಓಡಿ ಬಂದೆ, ಏದುಸಿರು ಬಿಡುತ್ತಿದ್ದೆ. "ಅಕ್ಕಾರ, ಆ ಪಂಜರದಾಗಿನ ಹಾಸು ಇಟ್ಟೀರೇನ್ರಿ? ಏನರ ಬಿದ್ದಿತ್ತೇನು ನೋಡೂಣು."

ಹಾಸು ಎಂದರೆ ಪಂಜರದ ಅಡಿಗೆ ಹಾಕುವ ಮರದ ಪುಡಿ. ಅದರಲ್ಲಿ ಎಳ್ಳು ಬಿದ್ದಿತ್ತು. ನಾನು ಕಂಡಿದ್ದೆ. ಕಂಡದ್ದಕ್ಕೇ, ಶುಕ್ರವಾರ ತೊಳೆಯಬೇಕಾದ ಪಂಜರಗಳನ್ನು ಥಂಡಿ ಕೋಣೆಯಿಂದ ಬಂದ ದಿನವೇ ತೊಳೆದಿಟ್ಟಿದ್ದೆ. "ತೊಳೆದುಬಿಟ್ಟೆನಲ್ಲಮ್ಮ" ಎಂದೆ, ಬಹಳ ಬೇಸರವಾದವಳ ಹಾಗೆ. ಎಳ್ಳುಂಡೆ ಕೊಟ್ಟದ್ದು ದಡ್ಡತನ ಎಂದು ಬೇಕಾದರೆ ಹೇಳು. ಇದು ದಡ್ಡತನವಲ್ಲ.

ಮರುದಿನ ಪ್ರೊಫೆಸರ್ ಇಬ್ಬರನ್ನೂ ಕರೆದರು. ಅವರು ಕೆಟ್ಟವರಲ್ಲ, ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಆ ಇಲಿಗಳಿಗೆ ಬೇರೆ ಏನಾದರೂ ತಿನ್ನಲು ಕೊಟ್ಟಿದ್ದೆಯಾ ಎಂದು ಕೇಳಿದರು. ಅಷ್ಟೇ ಪ್ರಶ್ನೆ. ನೀನು ನನ್ನ ಪಕ್ಕದ ಕುರ್ಚಿಯಲ್ಲಿ, ನನ್ನನ್ನು ನೋಡುತ್ತಲೂ ಇರಲಿಲ್ಲ. ನನ್ನ ಮೇಲೆ ನಿನಗೆ ಅನುಮಾನವೇ ಇರಲಿಲ್ಲ.

"ನೋ. ಓನ್ಲಿ ವಾಟ್ ಶೀ ಗೇವ್ ಮಿ" ಎಂದೆ.

ಬರೀ ನೋ ಎಂದಿದ್ದರೆ ಅದೊಂದು ಸುಳ್ಳಷ್ಟೇ ಆಗುತ್ತಿತ್ತು. ಅವಳು ಕೊಟ್ಟದ್ದನ್ನೇ ಹಾಕಿದೆ ಎಂದು ಸೇರಿಸಿ ತಪ್ಪನ್ನು ಎತ್ತಿ ನಿನ್ನ ತಲೆಯ ಮೇಲೆ ಇಟ್ಟೆ. ಯಾಕೆ ಎಂದು ಕೇಳಿಕೊಂಡಿದ್ದೇನೆ. ಇಲಿಗೆ ಪ್ರಸಾದ ಕೊಟ್ಟವಳು ಎಂದು ಆ ಜನ ನಗುತ್ತಾರಲ್ಲ ಎಂಬ ನಾಚಿಕೆ. ಮತ್ತೆ ಮನೆಯ ನಾಲ್ಕು ಗೋಡೆಯೇ ಗತಿಯಾಗುತ್ತದೆ ಎಂಬ ಭಯ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕೆಳಗಿನ ಸಾಲಿನ ಡಬ್ಬಿಯ ಹಿಟ್ಟು ಬೆರೆಸುವಾಗ ನೀನು ಎಚ್ಚರ ತಪ್ಪಿದ್ದೀಯ ಎಂದು ತೀರ್ಮಾನವಾಯಿತು. ಇನ್ನು ಉಳಿದವುಗಳ ಲೆಕ್ಕವನ್ನೂ ನಂಬುವಂತಿಲ್ಲ, ಮೊದಲಿಂದ ಮಾಡು ಎಂದರು. ನೀನು ಒಂದು ವಾರ ಡಬ್ಬಿಗಳ ಮುಂದೆ ಕೂತೆ. ತೂಗುವೆ, ಚೆಲ್ಲುವೆ, ಮತ್ತೆ ತೂಗುವೆ. ಕೊನೆಗೆ ನನ್ನ ಹತ್ತಿರ ಬಂದು, "ನನಗ ನನ್ನ ಕೈ ಮ್ಯಾಲೆ ನಂಬಿಕಿ ಹೋತು ಅಕ್ಕಾರ" ಎಂದೆ. ನಾನು ನಿನ್ನ ತಲೆ ಸವರಿದೆ. ಅದೇ ಕೈಯಿಂದ.

ಆಗ ಎಡಿಸನ್ನಿನಲ್ಲಿ ಬೀದಿಗೊಂದು ಕಂಪ್ಯೂಟರ್ ಕೋರ್ಸು. ಆರು ವಾರ ಕಲಿತರೆ ಟೆಸ್ಟಿಂಗ್ ಕೆಲಸ ಖಂಡಿತ ಎಂದು ನಿನ್ನ ಚಿಕ್ಕಪ್ಪನ ಮಗ ಹೇಳಿದ. ಜನವರಿಯಲ್ಲಿ ನೀನು ಕಾಲೇಜು ಬಿಟ್ಟೆ. ಕೆಲಸಕ್ಕೆ ಹೊರಟ ಮೊದಲ ದಿನ ಮೆಟುಚೆನ್ ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಬಂದು ಬಿಟ್ಟವಳು ನಾನು, ಬುತ್ತಿ ಕಟ್ಟಿಕೊಟ್ಟವಳೂ ನಾನೇ. ಎಲ್ಲರೂ ಒಳ್ಳೆಯದೇ ಆಯಿತು ಎಂದರು. ಅಲ್ಲಿ ಹೆಸರು ಮಾಡಿದೆ, ಮದುವೆಯಾಯಿತು, ಮನ್ರೋದಲ್ಲಿ ಮನೆ ಕಟ್ಟಿಸಿದೆ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ಆಮೇಲೆ ಒಂದು ದಿನವೂ ನೀನು ನಿಮ್ಮಮ್ಮನ ಥಂಡಿಯ ಮಾತು ಎತ್ತಲಿಲ್ಲ.

ನಿನ್ನ ಹೆರಿಗೆಗೆ ನಿಮ್ಮಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನ ನನ್ನ ಮನೆಯಲ್ಲೇ ಆಯಿತು. ಮೇಘಾ ಹುಟ್ಟಿ ಮೂರನೆಯ ದಿನ, ಹೀಟರ್ ಜೋರಾಗಿ ಉರಿಯುತ್ತಿದ್ದರೂ ನೀನು ನಡುಗುತ್ತಿದ್ದೆ. ರಕ್ತ ಬಹಳ ಹೋಗಿದೆ, ಕಬ್ಬಿಣದ ಅಂಶ ಕಡಿಮೆ ಎಂದು ಡಾಕ್ಟರ್ ಮಾತ್ರೆ ಬರೆದಿದ್ದರು. ಎರಡು ರಜಾಯಿ ಹೊದಿಸಿ ಅಂಗಾಲು ಉಜ್ಜುತ್ತ ಕೂತೆ. ನೀನು ಕಣ್ಣು ಮುಚ್ಚಿಕೊಂಡೇ, "ಅಕ್ಕಾರ, ನಾನೂ ಆ ಇಲಿ ಆದೆ ನೋಡ್ರಿ" ಎಂದು ನಕ್ಕೆ. ಅಂದು ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಬಾಣಂತಿಗೆ ಆಘಾತವಾಗಬಾರದು ಎಂದು — ನೋಡು, ಎಷ್ಟು ಚೆನ್ನಾಗಿ ಸಿಗುತ್ತವೆ ನನಗೆ ನೆಪಗಳು. ಎದ್ದು ಹೋಗಿ ನಿನಗೆ ಬಿಸಿ ಹಾಲು ತಂದೆ.

ಹೋದ ಭಾನುವಾರದ ಮಾತಿಗೆ ಬರುತ್ತೇನೆ. ಮೇಘಾಗೆ ಎರಡು ಕಾಲೇಜಿನಿಂದ ಕರೆ ಬಂದಿದೆ. ಒಂದರಲ್ಲಿ ಕಂಪ್ಯೂಟರ್, ಇನ್ನೊಂದರಲ್ಲಿ ಅವಳೇ ಬಯಸಿ ಬಯಸಿ ಬರೆದ ಜೀವವಿಜ್ಞಾನ. ಯಾವುದೆಂದು ತಿಂಗಳ ಕೊನೆಯೊಳಗೆ ತಿಳಿಸಬೇಕು. ನಿನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ನೀನು ಅವಳಿಗೆ ಮೆಲ್ಲಗೆ, ಬುದ್ಧಿ ಹೇಳುವ ಹಾಗಲ್ಲ, ಏನೋ ತಪ್ಪೊಪ್ಪಿಕೊಳ್ಳುವ ಹಾಗೆ ಹೇಳಿದೆ:

"ಲ್ಯಾಬ್ ನಮ್ಮಂಥವರಿಗೆ ಅಲ್ಲವ್ವಾ. ಅದಕ್ಕ ಕೈಯಾಗ ನಿಗಾ ಇರಬೇಕು. ನನ್ನ ಕೈಯಾಗ ಇರಲಿಲ್ಲ. ನಿನ್ನ ಕೈನೂ ನಂದ ಐತಿ."

ಮೇಘಾ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ನಿನಗೆ ಕಾಣಲಿಲ್ಲ, ನೀನು ಲೋಟ ತೊಳೆಯುತ್ತಿದ್ದೆ. ಆಮೇಲೆ ನನ್ನ ಕಡೆ ತಿರುಗಿದಳು.

"ಆಂಟಿ, ಯು ವರ್ ದೇರ್. ವಾಸ್ ಶೀ ರಿಯಲಿ ದಟ್ ಕೇರ್‌ಲೆಸ್?"

ಎರಡನೆಯ ಸಲ ಅದೇ ಕುರ್ಚಿ, ಅದೇ ಪ್ರಶ್ನೆ. ಈ ಸಲ ಕೇಳಿದವಳು ನನ್ನ ತೊಡೆಯ ಮೇಲೆ ಎಣ್ಣೆ ಹಚ್ಚಿಸಿಕೊಂಡು ಬೆಳೆದ ಮಗು. ನಾನು ಏನು ಹೇಳಿದೆ ಗೊತ್ತೇ? "ಕಾಫಿ ಆರಿಹೋಗ್ತಿದೆ, ಕುಡಿಯಮ್ಮ" ಎಂದೆ. ಅವಳು ಕುಡಿದಳು. ಅಮ್ಮ ಹೇಳಿದ್ದು ನಿಜವಿರಬೇಕು, ಆಂಟಿಗೆ ಹೇಳಲು ಮುಜುಗರ ಎಂದು ಆ ಮುಖದಲ್ಲಿ ಬರೆದಿತ್ತು. ಮನೆಗೆ ಬಂದು ಕೋಟು ಸಹ ತೆಗೆಯದೆ ಕೂತುಬಿಟ್ಟೆ. ಒಬ್ಬಳ ಬದುಕು ತಿಂದದ್ದು ಸಾಲದೆ ಅವಳ ಮಗಳದಕ್ಕೂ ಕೈ ಹಾಕಿದ್ದೇನೆ.

ಇನ್ನೊಂದು ಉಳಿದಿದೆ, ಎಲ್ಲಕ್ಕಿಂತ ಹೇಳಲು ಕಷ್ಟವಾದದ್ದು. ಅಂದು ಪ್ರೊಫೆಸರ್ ಮುಂದೆ ನಾನು ನಿಜ ಹೇಳಿದ್ದರೆ ನಿನ್ನ ಕೆಲಸ ಹಾಳಾಗುತ್ತಲೇ ಇರಲಿಲ್ಲವೇನೋ. ಆ ಐದನ್ನು ಬದಿಗಿಟ್ಟರೆ ಉಳಿದ ಏಳು ನೀನು ಹೇಳಿದ ಹಾಗೆಯೇ ತಣ್ಣಗಾಗಿದ್ದವು. ಆ ಐದೂ ನಿನ್ನ ಮಾತನ್ನು ಸುಳ್ಳು ಮಾಡಿರಲಿಲ್ಲ; ಕಬ್ಬಿಣ ಸಿಕ್ಕ ಮೇಲೆ ಅವುಗಳ ಮೈ ಬಿಸಿ ಉಳಿಸಿಕೊಂಡಿತ್ತು, ನೀನು ತೋರಿಸಬೇಕೆಂದಿದ್ದ ಹಾಗೆಯೇ. ನಾಟಕವಲ್ಲ ಎಂಬುದಕ್ಕೆ ಸಾಕ್ಷಿ ಆ ಕೋಣೆಯಲ್ಲೇ ಇತ್ತು, ಶೈಲಾ. ಅದು ಸಾಕ್ಷಿ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ನಿಮ್ಮಮ್ಮ ಕೌದಿಯೊಳಗೇ ತೀರಿಕೊಂಡರು. ನನ್ನ ಅಮ್ಮನಿಗಾಗಿ ಎಂದುಕೊಂಡು ಮಾಡಿದ ಕೆಲಸ ನಿನ್ನ ಅಮ್ಮನ ಪರವಾಗಿ ಬರಬೇಕಿದ್ದ ಒಂದು ಮಾತನ್ನು ನುಂಗಿ ಹಾಕಿತು.

ಕ್ಷಮಿಸು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಅದನ್ನು ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವವೇ ಹಾಗೆ. ಕೊಡಬೇಡ. ಇಷ್ಟು ವರ್ಷ ಅಕ್ಕಾರ ಎಂದು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿದರೆ ತೆಗೆದುಕೋ. ಆ ಪ್ರೊಫೆಸರ್ ನಿವೃತ್ತರಾಗಿದ್ದಾರೆ, ವಿಳಾಸ ಹುಡುಕಿಸಿದ್ದೇನೆ, ಅವರಿಗೂ ಬರೆದಿಟ್ಟಿದ್ದೇನೆ. ನೀನು ಇದನ್ನು ಕೇಳಿಸಿಕೊಂಡ ಮೇಲೆ ಅದನ್ನು ಕಳಿಸುತ್ತೇನೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಮತ್ತೆ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡಂತೆ. ನಾಳೆ ಬೆಳಿಗ್ಗೆ ಮನ್ರೋಗೆ ಬರುತ್ತೇನೆ. ಮೇಘಾಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಾನೇ ಓದುತ್ತೇನೆ. ನಡುವೆ ನೀನು ಎದ್ದು ಹೋದರೂ ನಿಲ್ಲಿಸುವುದಿಲ್ಲ, ಏಕೆಂದರೆ ಇನ್ನು ಮುಂದಿನ ಮಾತು ಅವಳಿಗೆ.

ಮೇಘಾ, ಹೋದ ವಾರ ನೀನು ಒಂದು ಪ್ರಶ್ನೆ ಕೇಳಿದೆ, ನಾನು ಕಾಫಿ ಕುಡಿ ಎಂದೆ. ಉತ್ತರ ಇಲ್ಲಿದೆ. ಇಲ್ಲ ಕಣಮ್ಮ. ನಿಮ್ಮಮ್ಮ ಒಂದು ಚಿಟಿಕೆಯನ್ನೂ ತಪ್ಪು ತೂಗಲಿಲ್ಲ.